ಹರೂರಿನ ಚೆಕ್ಕು, ನಮ್ಮ ಫ್ರಿಜ್ಜು

ಅಪ್ಪ ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೋಸದ ಕೇಸುಗಳ ಕಟ್ಟುಗಳನ್ನು ಬಿಚ್ಚಿ ಕಟ್ಟಿ ಅವರಿಗೊಂದು ನಂಬಿಕೆ ಬಂದುಬಿಟ್ಟಿತ್ತು: ಮೋಸ ಹೋಗುವವರೆಲ್ಲ ಓದು ಬಾರದವರು, ಇಲ್ಲವೇ ದುರಾಸೆಯವರು. ತಾವು ಎರಡೂ ಅಲ್ಲ. ತೊಂಬತ್ತರ ದಶಕದ ನಡುವಿನಲ್ಲಿ, ಸೇಲಂನ ನಮ್ಮ ಬಾಡಿಗೆ ಮನೆಯ ಹಳೆಯ ಫ್ರಿಜ್ಜನ್ನು ಪೇಪರಿನಲ್ಲಿ ಜಾಹೀರಾತು ಹಾಕಿ ಮಾರಲು ಅವರು ಹೊರಟದ್ದು ಈ ನಂಬಿಕೆಯ ಬಲದ ಮೇಲೆಯೇ.

ಆ ಫ್ರಿಜ್ಜಿಗೆ ಒಂದು ಗುಣವಿತ್ತು. ಬರಿಗಾಲಲ್ಲಿ ನಿಂತು ಒದ್ದೆ ಕೈಯಲ್ಲಿ ಬಾಗಿಲು ಹಿಡಿದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಅದಕ್ಕೇ ಅದರ ಮುಂದೆ ಒಂದು ಮರದ ಮಣೆ ಹಾಕಿದ್ದೆವು. ಮಣೆ ಹತ್ತಿ, ಕೈ ಒರೆಸಿಕೊಂಡು, ದೇವರ ಮನೆಯ ಬಾಗಿಲು ತೆಗೆಯುವಷ್ಟು ಭಕ್ತಿಯಿಂದ ಅದನ್ನು ತೆಗೆಯುತ್ತಿದ್ದೆವು. ಒಬ್ಬ ಮೆಕ್ಯಾನಿಕ್ ಬಂದಿದ್ದ. ಒಂದೇ ಸಲ ಮುಟ್ಟಿ, ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟು ಹೋದವನು ಅದನ್ನು ತೆಗೆದುಕೊಂಡು ಹೋಗಲೂ ಬರಲಿಲ್ಲ.

"ಇದನ್ನ ಯಾರಿಗಾದ್ರೂ ಕೊಟ್ಬಿಡಿ. ಮಜ್ಜಿಗೆ ತಗ್ಯಾಕೆ ಓಗಿ ನಾನು ಸಾಯಕಿಲ್ಲ" ಅಂದಳು ಅಮ್ಮ. ಅಮ್ಮ ಕಾರಿಮಂಗಲದ ಕಡೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಬೇಡದ್ದನ್ನು ಮಾರುವುದಕ್ಕೆ ಜಾಹೀರಾತು ಯಾಕೆ ಎಂಬುದೇ ಅವಳಿಗೆ ಅರ್ಥವಾಗಲಿಲ್ಲ.

ಅಪ್ಪ ತಮಿಳಿನಲ್ಲಿ ನಾಲ್ಕು ಸಾಲು ಬರೆದರು. ಒಬ್ಬರೇ ಬಳಸಿದ್ದು, ಉತ್ತಮ ಸ್ಥಿತಿಯಲ್ಲಿದೆ, ನಾಲ್ಕು ಸಾವಿರ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಆಗಿನ ವಾಡಿಕೆಯಂತೆ ಪಕ್ಕದ ಮನೆಯ ನಂಬರು ಕೊಟ್ಟೆವು. ಪಕ್ಕದ ಮನೆಯಾಕೆಗೆ ಅಪ್ಪ ಒಂದು ಚೀಟಿ ಬರೆದುಕೊಟ್ಟರು: ಫೋನ್ ಮಾಡಿದವರ ಹೆಸರು, ತಂದೆಯ ಹೆಸರು, ಉದ್ಯೋಗ, ಎಲ್ಲವನ್ನೂ ಕೇಳಿ ಬರೆದಿಡಬೇಕು. ಆಕೆ ಎರಡು ದಿನ ಬರೆದಳು. ಮೂರನೆಯ ದಿನ ಚೀಟಿ ವಾಪಸು ಕಳಿಸಿ, "ನಿಮ್ಮಪ್ಪ ಮಾರ್ತಿರೋದು ಪೊಟ್ಟಿಯಾ, ಪೊಣ್ಣಾ?" ಎಂದು ನನ್ನನ್ನು ಕೇಳಿದಳು. ಪೆಟ್ಟಿಗೆಯೋ, ಮದುವೆಗೆ ಹೆಣ್ಣೋ ಎಂದು.

ಮೊದಲು ಬಂದವರು ಒಬ್ಬ ಮೇಷ್ಟರು. ಪೂರ್ತಿ ಹಣ ತಂದಿದ್ದರು. ಅಪ್ಪ ಒಂದೊಂದೇ ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಆಮೇಲೆ ರೇಷನ್ ಕಾರ್ಡಿನ ಜೆರಾಕ್ಸ್ ಕೇಳಿದರು. ಮೇಷ್ಟರು ನೋಟುಗಳನ್ನು ಎಣಿಸಿ ವಾಪಸು ಜೇಬಿಗಿಟ್ಟು, ಕಾಫಿಯನ್ನೂ ಕುಡಿಯದೆ ಎದ್ದುಹೋದರು. ಎರಡನೆಯವನು ಟೀ ಅಂಗಡಿಯವನು. ಅವನು ತಂದದ್ದೂ ನಗದು ಹಣವೇ. "ಇಷ್ಟು ನೋಟು ಮಡಿಲಲ್ಲಿ ಕಟ್ಕೊಂಡು ಓಡಾಡೋನು ಎಂಥೋನು ಅಂತ ಯೋಚನೆ ಮಾಡು" ಎಂದು ಅಪ್ಪ ನನಗೆ ಪಿಸುಗುಟ್ಟಿ ಅವನನ್ನೂ ಸಾಗಹಾಕಿದರು.

ಮೂರನೆಯವರು ಹರೂರಿನಿಂದ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಚರ್ಮದ ಚೀಲ. ಬಾಗಿಲಲ್ಲೇ ನಮ್ಮ ಮಾತು ಕಿವಿಗೆ ಬಿದ್ದಿತ್ತೇನೋ, ಒಳಗೆ ಕಾಲಿಡುತ್ತಲೇ ಕನ್ನಡದಲ್ಲಿ ಮಾತಾಡಿದರು.

"ನಾನೂ ನಿಮ್ಮೋನೇ ಸಾರ್. ಪೇಪರ್‌ನಾಗೆ ನೋಡ್ದೆ. ಬಿಸಿನೆಸ್ ಮಾಡ್ಕೊಂಡಿವ್ನಿ."

ಅಪ್ಪ ಕುರ್ಚಿ ಎಳೆದು ಹಾಕಿದರು. ಆ ದಿನ ಅವರು ಟ್ಯೂಬ್‌ಲೈಟ್ ಹಾಕಲಿಲ್ಲ.

ಫ್ರಿಜ್ಜು ತೋರಿಸುವಾಗ ನನ್ನ ಕೆಲಸ ಮಣೆಯದ್ದು. ಬಂದವರು ಅಡುಗೆಮನೆಗೆ ಬರುವ ಮೊದಲೇ ಅದನ್ನು ಸರಿಯಾಗಿ ಇಟ್ಟು, "ನೆಲ ತಣ್ಣಗಿದೆ, ಇದರ ಮೇಲೆ ನಿಂತುಕೊಳ್ಳಿ" ಅನ್ನಬೇಕು. ನನಗಾಗ ಇಪ್ಪತ್ತು ವರ್ಷ, ಟೈಪಿಂಗ್ ಪರೀಕ್ಷೆ ಪಾಸಾಗಿ ಕೆಲಸ ಹುಡುಕುತ್ತಿದ್ದೆ. ಹೇಳಿದಂತೆ ಮಾಡಿದೆ.

"ಏನಾದ್ರೂ ಕಂಪ್ಲೇಂಟು ಐತಾ ಸಾರ್?"

"ಮೆಕ್ಯಾನಿಕ್ ಇದನ್ನ ಮುಟ್ಟೋದೇ ಇಲ್ಲ" ಅಂದರು ಅಪ್ಪ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹರೂರಿನವರು ತೃಪ್ತರಾಗಿ ಚೀಲದಿಂದ ಚೆಕ್‌ಬುಕ್ ತೆಗೆದರು. ಇಂಗ್ಲಿಷಿನಲ್ಲಿ ಉದ್ದವಾಗಿ ಸಹಿ ಹಾಕಿದರು. ಒಂದು ರೂಪಾಯಿಯನ್ನೂ ಚೌಕಾಶಿ ಮಾಡಲಿಲ್ಲ. ಅಷ್ಟರಲ್ಲಿ ಅವರು ಗೊತ್ತು ಮಾಡಿದ್ದ ಟೆಂಪೋ ಬೀದಿಗೆ ಬಂದಿತ್ತು. ಅಮ್ಮ ಬಾಗಿಲ ಸಂದಿಯಿಂದ ಅಪ್ಪನನ್ನು ಕರೆದಳು.

"ಕಾಗದ ಇಸ್ಕಂಡು ಪೆಟ್ಟಿಗೆ ಕಳಿಸ್ತೀರಾ? ನಮ್ಮಪ್ಪ ದುಡ್ಡು ಕೈಗೆ ಬರೋಗಂಟ ಕುರಿ ಕಟ್ಟಿದ್ ಅಗ್ಗ ಬಿಡ್ತಿರ್ಲಿಲ್ಲ."

"ಕುರಿ ಯಾಪಾರವೇ ಬೇರೆ, ಬ್ಯಾಂಕಿನ ಯವಾರವೇ ಬೇರೆ. ಚೆಕ್ಕು ಅಂದ್ರೆ ದಸ್ತಾವೇಜು, ತಿಳ್ಕೋ."

ಅಪ್ಪ ದಸ್ತಾವೇಜನ್ನು ಬ್ಯಾಂಕಿಗೆ ಹಾಕಿದರು. ಹೊರ ಊರಿನ ಚೆಕ್ಕಾದ್ದರಿಂದ ಅದು ಅಂಚೆಯಲ್ಲಿ ಹರೂರಿಗೆ ಹೋಗಿ ಬರಬೇಕಿತ್ತು. ಮೂರು ವಾರದ ನಂತರ ಬಂದದ್ದು ಹಣವಲ್ಲ, ಅದೇ ಚೆಕ್ಕು. ಜೊತೆಗೆ, ಬರೆದವರೇ ಹಣ ಕೊಡಬೇಡಿ ಎಂದು ತಡೆದಿದ್ದಾರೆಂಬ ಚೀಟಿ. ಈ ಸೇವೆಗಾಗಿ ಬ್ಯಾಂಕು ಅಪ್ಪನ ಖಾತೆಯಿಂದ ಒಂದಿಷ್ಟು ಹಿಡಿದುಕೊಂಡಿತ್ತು.

ಅಪ್ಪ ಎರಡು ದಿನ ಹಳೆಯ ಕಾನೂನು ಪುಸ್ತಕ ತಿರುವಿದರು. ಮೂರನೆಯ ದಿನ ನನ್ನಿಂದ ಎರಡು ಪುಟದ ನೋಟಿಸು ಟೈಪ್ ಮಾಡಿಸಿ, ನನ್ನನ್ನೂ ಕರೆದುಕೊಂಡು ಹರೂರು ಬಸ್ಸು ಹತ್ತಿದರು.

ಚೆಕ್ಕಿನ ಹಿಂದೆ ಅವರೇ ವಿಳಾಸ ಬರೆದಿದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸೋಡಾ, ಕಲರ್ ಡ್ರಿಂಕು ಮಾರುವ ಒಂದು ಅಂಗಡಿ. ಅದರ ಮುಂದೆ ನಮ್ಮ ಫ್ರಿಜ್ಜು, ವಯರು ಸುತ್ತಿಟ್ಟುಕೊಂಡು, ತಲೆಯ ಮೇಲೆ ಬಾಳೆಗೊನೆ ಹೊತ್ತು ನಿಂತಿತ್ತು. ಬಿಸಿನೆಸ್ ಎಂದರೆ ಇದೇ. ಅಂಗಡಿಯವರು ಓಡಿಹೋಗಲಿಲ್ಲ. ನಮ್ಮನ್ನು ಕಂಡು ಅವರಿಗೇ ಮೊದಲು ಕೋಪ ಬಂತು.

"ಬನ್ನಿ ಯಜಮಾನ್ರೇ, ನಾನೇ ಬರಾನ ಅಂತಿದ್ದೆ. ನಮ್ಮವ್ವ ಸಾಯ್ತಿದ್ಲು. ಪ್ಲಗ್ ಆಕ್ತೀನಿ, ಚಪ್ಪಲಿ ಬಿಟ್ಟು ಒಂದ್ಸಲ ಮುಟ್ಟಿ ನೋಡಿ."

ಅಪ್ಪ ಚಪ್ಪಲಿ ಬಿಡಲಿಲ್ಲ. ಕೈಯಲ್ಲಿದ್ದ ನೋಟಿಸನ್ನು ಮಡಿಸತೊಡಗಿದರು.

ಒಳಗಿನಿಂದ ಅವರ ತಾಯಿ ಬಂದರು. ಎಪ್ಪತ್ತು ದಾಟಿದ ಸಣ್ಣ ಮುದುಕಿ. ಬಿಸಿಲಲ್ಲಿ ಬಂದಿದ್ದೇವೆಂದು ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟರು. ನಾನು ಕೇಳದಿದ್ದರೂ, "ಏನೂ ಆಗ್ಲಿಲ್ಲ ಪಾಪಾ, ಕೈ ಜೋಮು ಇಡ್ದಂಗಾತು ಅಷ್ಟೇ. ಮೂರು ದಿನ ಮುದ್ದೆ ಮುರಿಯಾಕಾಗ್ಲಿಲ್ಲ" ಅಂದರು. ಮಣೆ ಇಟ್ಟವಳು ನಾನೇ ಎಂದು ಹೇಳಬೇಕೆನಿಸಿತು. ಮಜ್ಜಿಗೆ ಕುಡಿದು ಲೋಟ ವಾಪಸು ಕೊಟ್ಟೆ.

ಅಂಗಡಿಯವರು ತಮ್ಮ ಸತ್ಯಕ್ಕೆ ಸಾಕ್ಷಿಯಾಗಿ ಬ್ಯಾಂಕಿಗೆ ಕೊಟ್ಟ ಪತ್ರದ ನಕಲು ತಂದು ಬೆಂಚಿನ ಮೇಲಿಟ್ಟರು. "ಶಾಕು ಒಡೀತು, ಅದಕ್ಕೇ ಪೇಮೆಂಟ್ ನಿಲ್ಲಿಸ್ದೆ. ಇಲ್ಲಿ ಸೀಲ್ ಐತೆ ನೋಡಿ." ನಾನು ಸೀಲ್ ನೋಡಿದೆ. ಅದರ ತಾರೀಖು ಅವರು ಸೇಲಂಗೆ ಬಂದ ಹಿಂದಿನ ದಿನದ್ದು. ನಾಳೆ ಕೊಡುವ ಚೆಕ್ಕಿನ ನಂಬರು ಬರೆದು ಇವತ್ತೇ ನಿಲ್ಲಿಸಿ ಬಂದಿದ್ದರು.

ಬೆರಳಿಟ್ಟು ಅಪ್ಪನಿಗೆ ತೋರಿಸಿದೆ. ಅಂಗಡಿಯವರು ಸ್ವಲ್ಪವೂ ತಡವರಿಸಲಿಲ್ಲ.

"ಜಾಗ್ರತೆಗೆ ಸಾರ್. ಪೇಪರ್‌ನಾಗೆ ಆಕಿ ಮಾರೋರು ಫ್ರಾಡು ಜಾಸ್ತಿ. ವಸ್ತು ಒಂದು ತಿಂಗ್ಳು ಓಡಿದ್ರೆ ಆಮೇಲೆ ನಾನೇ ಕೊಡ್ತಿದ್ದೆ."

ಕೋರ್ಟಿಗೆ ಹೋದರೆ ಚೆಕ್ಕಿನ ಕಥೆಯ ಜೊತೆ ಮಣೆಯ ಕಥೆಯೂ ಬರುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಶಾಕಿನ ಕಥೆಯ ಜೊತೆ ಸೀಲಿನ ಕಥೆ ಬರುತ್ತದೆಂದು ಅಂಗಡಿಯವರಿಗೂ ಗೊತ್ತಿತ್ತು. ಇಬ್ಬರೂ ವಿದ್ಯಾವಂತರು. ಕೊನೆಗೆ ಎರಡು ಸಾವಿರಕ್ಕೆ ಇತ್ಯರ್ಥವಾಯಿತು. ನಗದು. ಅಪ್ಪ ನೋಟುಗಳನ್ನು ಬೆಳಕಿಗೆ ಹಿಡಿಯಲಿಲ್ಲ, ಎಣಿಸಲೂ ಇಲ್ಲ, ನನ್ನ ಕೈಗೆ ಕೊಟ್ಟರು. ಎಣಿಸಿದೆ, ಸರಿಯಿತ್ತು.

ಹೊರಡುವಷ್ಟರಲ್ಲಿ, ಅಂಗಡಿಯವರು ಬೆಳಿಗ್ಗೆಯೇ ಹೇಳಿ ಕಳಿಸಿದ್ದ ಎಲೆಕ್ಟ್ರಿಷಿಯನ್ ಬಂದ. ಹಿಂಬದಿ ಬಿಚ್ಚಿ ಒಳಗೆ ಇಣುಕಿದ. "ಎರ್ತ್ ವಯರೇ ಇಲ್ಲಲ್ಲಪ್ಪಾ" ಅಂದ. ಒಂದು ಗೇಣು ವಯರು ಕೂಡಿಸಿ, ಮೂರು ಪಿನ್ನಿನ ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಬರಿಗಾಲಲ್ಲೇ ನಿಂತು ಬಾಗಿಲು ತೆಗೆದ. ಅವನಿಗೆ ಏನೂ ಆಗಲಿಲ್ಲ. ಇಪ್ಪತ್ತೈದು ರೂಪಾಯಿ ತೆಗೆದುಕೊಂಡು ಹೋದ. ಅಂಗಡಿಯವರು ನಮ್ಮ ಕಡೆ ನೋಡದೆ ಸೋಡಾ ಬಾಟಲಿಗಳನ್ನು ಒಳಗೆ ಜೋಡಿಸತೊಡಗಿದರು.

ವಾಪಸು ಬರುವ ಬಸ್ಸು ಮಂಜವಾಡಿ ಕಣಿವೆ ತಲುಪಿತು. ಅಲ್ಲಿ ಪಕ್ಕದಲ್ಲಿ ಕೂತವರು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಅಪ್ಪ ತಮಿಳಿನಲ್ಲಿ ಶುರುಮಾಡಿದರು. ಕಣಿವೆ ಇಳಿಯುವಷ್ಟರಲ್ಲಿ ಹರೂರಿನವರು ಅಂತರ ಜಿಲ್ಲಾ ವಂಚಕರಾಗಿದ್ದರು. ಸೇಲಂ ಹತ್ತಿರವಾದಂತೆ ಅವರು ಅಪ್ಪನ ನೋಟಿಸು ಕಂಡು ಬೆವರಿ ಕಾಲಿಗೆ ಬಿದ್ದಿದ್ದರು. ಕೇಳಿದವರು ತಲೆದೂಗಿ, ತಮ್ಮ ಸ್ಕೂಟರನ್ನೂ ಮಾರಬೇಕೆಂದು ಹೇಳಿ ಅಪ್ಪನ ವಿಳಾಸ ಬರೆದುಕೊಂಡರು.

ಬಸ್ಸಿಳಿದ ಮೇಲೆ ಅಪ್ಪ ಒಂದು ಅಂಗಡಿಯ ಮುಂದೆ ನಿಂತು, ತಮ್ಮ ಪೆನ್ಷನ್ನಿನ ಹಣದಿಂದ ಐನೂರು ತೆಗೆದು ಆ ನೋಟುಗಳ ಜೊತೆ ಸೇರಿಸಿದರು. ನನ್ನ ಮುಖ ನೋಡಲಿಲ್ಲ. ಮನೆಯಲ್ಲಿ ಅಮ್ಮ ಎಷ್ಟು ಬಂತು ಎಂದು ಕೇಳಿದಳು. ಎರಡೂವರೆ ಸಾವಿರ ಅಂದರು ಅಪ್ಪ. ಅಮ್ಮ ನನ್ನ ಕಡೆ ತಿರುಗಿದಳು.

"ಹೌದಮ್ಮಾ, ನಾನೇ ಎಣಿಸಿದೆ" ಅಂದೆ.