ಸೈಕಲ್ ತುಳಿಯದ ಗ್ರಂಥಪಾಲಕರು

ಅವರ ಎಡಗಾಲಿನ ಚಪ್ಪಲಿಗೆ ಬಲಗಾಲಿನದಕ್ಕಿಂತ ಮೂರು ಬೆರಳು ಹೆಚ್ಚು ದಪ್ಪನೆಯ ಅಟ್ಟೆ ಇರುತ್ತಿತ್ತು. ಲಾರಿಯ ಹಳೆಯ ಟೈರನ್ನು ಕೊಯ್ದು, ಪದರದ ಮೇಲೆ ಪದರವಿಟ್ಟು ಹೊಲಿದ ಅಟ್ಟೆ. ಎಳವೆಯಲ್ಲಿ ಪೋಲಿಯೋ ತಗುಲಿ ಗಿಡ್ಡವಾಗಿದ್ದ ಕಾಲನ್ನು ಅದು ನೆಲಕ್ಕೆ ತಲುಪಿಸುತ್ತಿತ್ತು. ಅವರು ನಡೆದರೆ ಒಂದು ಹೆಜ್ಜೆಗೆ ಸದ್ದಿರಲಿಲ್ಲ, ಇನ್ನೊಂದು 'ಧಪ್' ಎನ್ನುತ್ತಿತ್ತು. ಗ್ರಂಥಾಲಯದ ಗೋಡೆಯ ಮೇಲೆ 'ನಿಶ್ಶಬ್ದವಾಗಿರಿ' ಎಂಬ ಫಲಕವೊಂದಿದ್ದರೂ ಅದನ್ನು ಯಾರೂ ಓದಿದ್ದನ್ನು ನಾನು ಕಂಡಿಲ್ಲ. ಮೇಜುಗಳ ನಡುವೆ ಆ 'ಧಪ್' ಹತ್ತಿರವಾಯಿತೆಂದರೆ ಎಂಥ ಬಾಯಾಳಿಯ ಬಾಯಿಯೂ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಕಾಲಿನಿಂದಲೇ ಬರೆಯಲು ಆರಂಭಿಸಿದ್ದಕ್ಕೆ ಕಾರಣವಿದೆ. ಅವರು ತೀರಿಕೊಂಡ ವಾರ ಪತ್ರಿಕೆಯೊಂದರಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬಂದಿತ್ತು. ಲಾಕ್‌ಡೌನ್ ಕಾಲದಲ್ಲಿ ಸೈಕಲ್ ತುಳಿದು ಮನೆಮನೆಗೆ ಪುಸ್ತಕ ತಲುಪಿಸಿದ ಪುಣ್ಯಾತ್ಮ ಎಂದು ಅದರಲ್ಲಿತ್ತು. ಈಗ ನಮ್ಮೂರಿನಲ್ಲಿ ಮಕ್ಕಳೂ ಹಾಗೆಯೇ ಹೇಳುತ್ತಾರೆ. ಅಚ್ಚಾಗಿದೆ ಎಂಬ ಕಾರಣಕ್ಕೆ ಯಾವ ಮಾತನ್ನೂ ನಾನು ನಂಬಿದವನಲ್ಲ. ಇದನ್ನಂತೂ ನಂಬಲಾರೆ. ಆ ಕಾಲಿನಲ್ಲಿ ಅವರು ಸೈಕಲ್ ತುಳಿಯುವಂತಿರಲಿಲ್ಲ. ಅದು ಹಾಗಿರಲಿ, ಲಾಕ್‌ಡೌನಿನ ಆ ಎರಡು ತಿಂಗಳು ಅವರು ನಮ್ಮೂರಿನಲ್ಲೇ ಇರಲಿಲ್ಲ. ಗ್ರಂಥಾಲಯದಿಂದ ಒಂದು ಪುಸ್ತಕವೂ ಹೊರಬೀಳಲಿಲ್ಲ. ಹಾಗಾದರೆ ಅವರು ಮಾಡಿದ್ದೇನು? ಅದನ್ನು ಬಲ್ಲವರಲ್ಲಿ ನಾನೂ ಒಬ್ಬನಾದುದರಿಂದ ಬರೆದಿಡುವುದು ನನ್ನ ಪಾಲಿಗೆ ಬಂದಿದೆ.

ಮೊಳಕಾಲ್ಮೂರು ಸೀಮೆಯ ನಮ್ಮೂರಿನಲ್ಲಿ ನಾನು ರೇಷ್ಮೆ ಸೀರೆ ನೇಯುತ್ತಿದ್ದವನು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಇಳಿದೆ. ಓದಿದ್ದೆಲ್ಲ ಗ್ರಂಥಾಲಯದ ಕಿಟಕಿಯ ಪಕ್ಕದ ಬೆಂಚಿನಲ್ಲಿ. ಒಮ್ಮೆ ಪುಸ್ತಕವೊಂದರಲ್ಲಿ ಅಶೋಕನ ಶಾಸನದ ವಿಚಾರ ಓದಿ, ಕಣ್ಣಾರೆ ಕಾಣದೆ ಒಪ್ಪುವುದಿಲ್ಲವೆಂದು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಳಿದು ಬಂದೆ. ಮರುದಿನ ಗ್ರಂಥಪಾಲಕರ ಮುಂದೆ ನಿಂತು, "ಇರೋದು ನಿಜ ಸಾರ್, ನೋಡ್ಕೊಂಡು ಬಂದೆ" ಎಂದೆ.

"ಓದಕ್ಕೆ ಬಂತೇನ್ರಿ?"

"ಅದು ಬ್ರಾಹ್ಮಿ ಲಿಪಿ. ನಂಗೆಲ್ಲಿ ಬರ್ತೈತೆ?"

"ಓದಕ್ಕೇ ಬರ್ದಿದ್ ಮ್ಯಾಲೆ ಅದು ಅಶೋಕಂದೇ ಅಂತ ಹೆಂಗೆ ನಂಬಿದ್ರಿ? ಯಾರೋ ಸಾಲ ಕೊಟ್ಟೋನು ಬಾಕಿ ಲೆಕ್ಕ ಬರ್ಸಿರಬೌದು."

ಬೆಂಚಿನಲ್ಲಿದ್ದವರು ನಕ್ಕರು. ಅವರು ನಗಲಿಲ್ಲ. ಮಾರನೆಯ ದಿನ ನನ್ನ ಜಾಗದಲ್ಲಿ ಬ್ರಾಹ್ಮಿ ಅಕ್ಷರಗಳನ್ನು ಪರಿಚಯಿಸುವ ತೆಳ್ಳಗಿನ ಪುಸ್ತಕವೊಂದನ್ನು ತೆಗೆದಿಟ್ಟಿದ್ದರು. ನನಗೆ ವಿದ್ಯೆ ಸಿಕ್ಕಿದ್ದು ಹೀಗೆ, ಒಂದು ಚುಚ್ಚುಮಾತಿನ ಹಿಂದೆ ಒಂದು ಪುಸ್ತಕ.

ಅವರು ಯಾರನ್ನೂ ಹೆಸರಿನಿಂದ ಕರೆದವರಲ್ಲ, ಸದಸ್ಯತ್ವದ ಸಂಖ್ಯೆಯಿಂದ ಕರೆಯುತ್ತಿದ್ದರು. ನಾನು ಇನ್ನೂರ ಹದಿನೇಳು. ಹೆಸರು ಹಿಡಿದರೆ ಜಾತಿ ತಿಳಿಯುತ್ತದೆ, ಜಾತಿ ತಿಳಿದರೆ ಮೇಜು ಬೇರೆಯಾಗುತ್ತದೆ ಎಂಬುದು ಅವರ ವಾದ. ಇದರಿಂದ ಒಂದು ವಿಚಿತ್ರವೂ ಆಗಿತ್ತು. ಹದಿನೈದು ವರ್ಷ ಒಂದೇ ಮೇಜಿನಲ್ಲಿ ಪತ್ರಿಕೆ ಓದಿದ ನಮಗೆ ಪರಸ್ಪರ ಸಂಖ್ಯೆ ಗೊತ್ತಿತ್ತು, ಮುಖ ಗೊತ್ತಿತ್ತು, ದನಿ ಮಾತ್ರ ಗೊತ್ತಿರಲಿಲ್ಲ.

ಅವರ ಇನ್ನೊಂದು ಹೆಮ್ಮೆ, ತಮ್ಮ ಸೇವೆಯಲ್ಲಿ ಒಂದು ಪುಸ್ತಕವೂ ಕಳೆದಿಲ್ಲ ಎಂಬುದು. ವರ್ಷಕ್ಕೊಮ್ಮೆ ಮಾರ್ಚಿ ತಿಂಗಳಲ್ಲಿ ಪ್ರತಿ ಪುಸ್ತಕವನ್ನೂ ಮುಟ್ಟಿ ಎಣಿಸುತ್ತಿದ್ದರು. ಲಾಕ್‌ಡೌನಿನ ವರ್ಷ ಎಣಿಕೆ ಮುಗಿಯಲಿಲ್ಲವೆಂದು ಎರವಲು ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಚಳ್ಳಕೆರೆಯ ತಮ್ಮ ಮನೆಗೆ ಒಯ್ದರು. ರಿಜಿಸ್ಟರ್ ಗ್ರಂಥಾಲಯದ ಹೊಸಿಲು ದಾಟಬಾರದೆಂಬುದು ನಿಯಮ. ಅದನ್ನು ಅವರು ಮುರಿದದ್ದು ಅದೊಂದೇ ಬಾರಿ. ಆ ವಾರವೇ ಬಸ್ಸುಗಳು ನಿಂತವು. ಗ್ರಂಥಾಲಯಕ್ಕೆ ಬೀಗ ಬಿದ್ದು, ಗ್ರಂಥಪಾಲಕರು ಚಳ್ಳಕೆರೆಯಲ್ಲಿ ಸಿಕ್ಕಿಕೊಂಡರು. ಯಾರ ಮನೆಯಲ್ಲಿ ಯಾವ ಪುಸ್ತಕವಿದೆ, ಯಾರ ಫೋನ್ ಸಂಖ್ಯೆ ಯಾವುದು ಎಂಬುದೆಲ್ಲ ಆ ತಪ್ಪಿನ ದೆಸೆಯಿಂದ ಅವರ ಕೈಯಲ್ಲಿತ್ತು.

ನನ್ನ ಮನೆಯಲ್ಲಿದ್ದ ಪುಸ್ತಕದ ವಿಚಾರವನ್ನು ಇಲ್ಲಿಯೇ ಹೇಳಬೇಕು. ಅದು ಒಂದು ದೊಡ್ಡ ಕಾದಂಬರಿಯ ಎರಡನೆಯ ಭಾಗ. ನಾನು ಕಾದಂಬರಿ ಓದುವವನಲ್ಲ. ತಂದದ್ದು ನನ್ನ ಹೆಂಡತಿಗಾಗಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ನಾನು ಮಗ್ಗದಿಂದೇಳುತ್ತಿದ್ದೆ, ಅವಳು ರಾಟೆಯ ಮುಂದೆ ಕುಳಿತು ಮರುದಿನದ ಲಾಳಿಗೆ ನೂಲು ಸುತ್ತುತ್ತಿದ್ದಳು. ಆಗ ನಾನು ಗಟ್ಟಿಯಾಗಿ ಓದಬೇಕು. ನಡುನಡುವೆ ನಾನು "ಇದು ಆಗೋ ಮಾತಲ್ಲ" ಎಂದು ಲೇಖಕನ ಮೇಲೆ ರೇಗಿದರೆ ಅವಳು, "ಸುಳ್ಳಾದ್ರೂ ಚೆಂದೈತೆ, ಮುಂದಕ್ಕೆ ಓದ್ರಿ" ಎನ್ನುತ್ತಿದ್ದಳು. ನಿಲ್ಲಿಸಿದ ಪುಟಕ್ಕೆ ಒಂದು ಎಳೆ ರೇಷ್ಮೆ ಇಡುವುದು ಅವಳ ಕೆಲಸ. ಸಂಕ್ರಾಂತಿ ಕಳೆದ ವಾರ ನೂರಾ ನಲವತ್ತೆರಡನೆಯ ಪುಟಕ್ಕೆ ಹಸಿರು ಎಳೆಯೊಂದನ್ನಿಟ್ಟು ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

ಆಮೇಲೆ ನಾನು ಆ ಪುಸ್ತಕವನ್ನು ತೆರೆಯಲೂ ಇಲ್ಲ, ಹಿಂತಿರುಗಿಸಲೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಕಾರ್ಡು ಮಾತ್ರ ಚಾಚುತ್ತಿದ್ದೆ. ಪುಸ್ತಕ ತೋರಿಸದೆ ಅವಧಿ ಮುಂದುವರಿಸುವಂತಿಲ್ಲ ಎಂದು ಎಲ್ಲರಿಗೂ ಗದರುವ ಮನುಷ್ಯ ನಾಲ್ಕು ಬಾರಿಯೂ ತುಟಿ ಬಿಚ್ಚದೆ ಸೀಲು ಹೊಡೆದರು. ವಯಸ್ಸಾಯಿತು, ಮರೆವು ಬಂದಿದೆ ಎಂದುಕೊಂಡೆ.

ಲಾಕ್‌ಡೌನ್ ಶುರುವಾದ ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು.

"ಇನ್ನೂರ ಹದ್ನೇಳು, ಇದ್ದೀರೇನ್ರಿ?"

"ಇದ್ದೀನಿ. ಇನ್ನೆಲ್ಲಿಗೆ ಹೋಗ್ಲಿ, ಬಸ್ಸೇ ಇಲ್ಲ."

"ಬೀಗ ಬಿದ್ದಿರೋದು ಕಟ್ಟಡಕ್ಕೆ. ತೊಂಬತ್ತಾರು ಪುಸ್ತಕ ಹೊರಗವೆ. ಅಷ್ಟು ಲೈಬ್ರರಿ ಇನ್ನೂ ತೆರೆದೇ ಐತೆ. ನಿಮ್ಮತ್ರ ಎರಡನೇ ಭಾಗ ಐತೆ. ಮೊದಲ್ನೇದು ತಳಕು ಊರಿನ ಅರವತ್ನಾಲ್ಕನೇ ನಂಬರಿನವ್ರ ಹತ್ರ ಐತೆ, ಓದಿ ಮುಗ್ಸವ್ರೆ. ದಿನಾ ಅವ್ರಿಗೆ ಫೋನಲ್ಲಿ ಓದಿ ಹೇಳ್ಬೇಕು."

"ಅದೊಂದು ನನ್ನ ಕೈಲಾಗಲ್ಲ ಸಾರ್" ಎಂದು ಫೋನ್ ಇಟ್ಟೆ.

ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಇದ್ದೀರೇನ್ರಿ. ಅವರು ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ, ಊಟವಾಯಿತೇ ಎನ್ನುತ್ತಿರಲಿಲ್ಲ. ಪುಸ್ತಕಗಳನ್ನು ಮುಟ್ಟಿ ಎಣಿಸುತ್ತಿದ್ದಂತೆ ಈಗ ಓದುಗರನ್ನು ಎಣಿಸುತ್ತಿದ್ದರು. ಒಬ್ಬರೂ ಕಳೆಯಬಾರದು ಎಂದು ಹಟ ಹಿಡಿದಿದ್ದರು. ಇದು ನನ್ನ ಊಹೆಯಲ್ಲ, ಆಮೇಲೆ ಹತ್ತಾರು ಜನರನ್ನು ವಿಚಾರಿಸಿ ಖಾತ್ರಿ ಮಾಡಿಕೊಂಡದ್ದು. ಗ್ರಂಥಾಲಯ ಮುಚ್ಚುವ ಮುಂಚಿನ ಕೊನೆಯ ದಿನದ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಒಯ್ದಿದ್ದ ಹೋಟೆಲಿನವರ ಬಳಿ ನಕ್ಷತ್ರಗಳ ಪುಸ್ತಕವಿತ್ತು, ನಿವೃತ್ತ ಮೇಷ್ಟರ ಬಳಿ ಅಡುಗೆಯ ಪುಸ್ತಕ. ಇಬ್ಬರನ್ನೂ ಗಂಟು ಹಾಕಿದರು. ಮೇಷ್ಟರು ಹೋಟೆಲಿನವರಿಗೆ ಚಟ್ನಿಯ ಅಳತೆಗಳನ್ನು ಉಕ್ತಲೇಖನದಂತೆ ಹೇಳಿದರು, ಹೋಟೆಲಿನವರು ಮೇಷ್ಟರಿಗೆ ಶನಿಗ್ರಹದ ಬಳೆಗಳನ್ನು ವರ್ಣಿಸಿದರು. ಮೂವತ್ತು ವರ್ಷ ನಮ್ಮ ಬಾಯಿ ಮುಚ್ಚಿಸಿದ ಮನುಷ್ಯ ಈಗ ಒಬ್ಬೊಬ್ಬರನ್ನೇ ಹಿಡಿದು ಮಾತನಾಡಿಸುತ್ತಿದ್ದರು.

ನಾನು ಒಂಬತ್ತು ದಿನ ಒಲ್ಲೆನೆಂದೆ. ಹತ್ತನೆಯ ದಿನ ಸಂಜೆ ನಾಲ್ಕಕ್ಕೆ ಹೆಂಗಸಿನ ದನಿಯೊಂದು ಕೇಳಿಸಿತು.

"ಅಣ್ಣಾ, ನಾನು ಅರವತ್ನಾಲ್ಕು ಮಾತಾಡೋದು, ತಳಕಿಂದ. ಅಂಗನವಾಡಿಲಿ ಇದ್ದೆನಲ್ಲ, ವಾರಕ್ಕೊಂದ್ಸಲ ನಿಮ್ಮೂರಿಗೆ ಬಂದು ಪುಸ್ತಕ ಒಯ್ತಿದ್ದೆ. ಆ ಹುಡುಗಿ ಬಾವಿಕಟ್ಟೆ ಮ್ಯಾಲೆ ಕುಂತವ್ಳೆ, ಅಲ್ಲಿಗೆ ಮೊದಲ್ನೇ ಭಾಗ ಮುಗುಸ್ಬಿಟ್ಟವ್ರೆ. ಹಾರಿದ್ಲೋ ಎದ್ದು ಮನೆಗೆ ಹೋದ್ಲೋ, ಅಷ್ಟಾದ್ರೂ ಹೇಳ್ರಿ. ಹತ್ತು ದಿನದಿಂದ ನಂಗೆ ಊಟ ಸೇರ್ತಿಲ್ಲ."

ಗ್ರಂಥಪಾಲಕರಿಗೆ ಒಲ್ಲೆನೆನ್ನಬಹುದಿತ್ತು, ಬಾವಿಕಟ್ಟೆಯ ಮೇಲೆ ಹುಡುಗಿಯನ್ನು ಬಿಟ್ಟು ಕಾಯುತ್ತಿದ್ದ ಈ ಹೆಂಗಸಿಗೆ ಏನೆನ್ನಲಿ? ಮೊದಲ ಪುಟ ತೆರೆದೆ. ಎರಡು ಸಾಲಿಗೇ ಆಕೆ ತಡೆದರು.

"ಅದೆಂಗ್ ಓದ್ತೀರಣ್ಣಾ, ಪಂಚಾಯ್ತಿ ನೋಟೀಸು ಓದ್ದಂಗೆ? ಅವ್ಳು ಅಳ್ತಾ ಅವ್ಳೆ, ನೀವು ಕಂದಾಯ ಕೇಳಕ್ ಬಂದಂಗೆ ಮಾತಾಡ್ತೀರಲ್ಲ."

ಹಾಗೆ ದಿನಕ್ಕೆ ಹತ್ತು ಪುಟ. ಹೆಂಡತಿಗೆ ಓದಿದ ಪುಟಗಳನ್ನೇ ಮತ್ತೆ ಓದುವುದು ಅಷ್ಟು ಕಷ್ಟವಾಗಲಿಲ್ಲ, ಗೊತ್ತಿದ್ದ ದಾರಿ. ಒಮ್ಮೆ ನಾನು ತಾಳ್ಮೆಗೆಟ್ಟು, "ನಾಲ್ಕು ದಿನ ಉಪವಾಸ ಇದ್ದೋಳು ಎರಡು ಮೈಲಿ ಓಡ್ತಾಳೇನಮ್ಮ?" ಎಂದರೆ, "ಓಡ್ಲಿ ಬಿಡಣ್ಣಾ, ಅವ್ಳಿಗೂ ಬಸ್ಸಿಲ್ಲ" ಎಂದರು. ಸಂಕ್ರಾಂತಿಯ ಮೇಲೆ ನಾನು ಮೊದಲ ಬಾರಿಗೆ ನಕ್ಕದ್ದು ಆಗ. ಆದರೆ ಹಸಿರು ಎಳೆ ದಿನಕ್ಕೆ ಹತ್ತು ಪುಟದಂತೆ ಹತ್ತಿರವಾಗುತ್ತಿತ್ತು. ಅದನ್ನು ದಾಟಿದರೆ ನನ್ನ ಹೆಂಡತಿ ಕೇಳದ ಕಥೆ. ದಾಟಲಾರೆನೆಂದು ನನಗೆ ಗೊತ್ತಿತ್ತು. ಓದಲು ಹಿಡಿದ ಹದಿನೈದನೆಯ ದಿನ ಎರಡೇ ಪುಟ ಓದಿದೆ, ಎಳೆ ಬೆರಳಿಗೆ ತಗುಲಿತು. "ಇವತ್ತಿಗೆ ಸಾಕಮ್ಮ" ಎಂದು ಫೋನ್ ಇಟ್ಟೆ. ಮಾರನೆಯ ದಿನ ಸಂಜೆ ಫೋನ್ ಬಡಿದುಕೊಂಡಿತು, ನಾನು ತೆಗೆಯಲಿಲ್ಲ.

ಅದರ ಮರುಬೆಳಿಗ್ಗೆ ಗ್ರಂಥಪಾಲಕರು.

"ಇನ್ನೂರ ಹದ್ನೇಳು, ಇದ್ದೀರೇನ್ರಿ?"

"ಇದ್ದೀನಿ."

"ನಿನ್ನೆ ಪುಟ ತಿರುವ್ಲಿಲ್ವಂತೆ."

"ಆಗಲ್ಲ ಸಾರ್. ಅಲ್ಲಿಂದ ಮುಂದಕ್ಕೆ ಆಗಲ್ಲ."

ಅವರು ಗದರುವ ದನಿಯಲ್ಲೇ ಹೇಳಿದರು.

"ನಾಲ್ಕು ಸಲ ನಿಮ್ಮ ಪುಸ್ತಕ ನೋಡ್ದಂಗೆ ಸೀಲು ಹೊಡ್ದೀನಿ. ಅದು ನಿಯಮ ಅಲ್ಲ, ನಂಗೂ ಗೊತ್ತೈತೆ. ಕಾದಂಬರಿ ಮುಟ್ಟದ ಮನುಷ್ಯ ಇಷ್ಟು ವರ್ಷ ಯಾರಿಗೋಸ್ಕರ ಒಯ್ತಿದ್ರು ಅಂತಾನೂ ಗೊತ್ತೈತೆ. ನಿಮ್ಮ ಮನೆಯವ್ರಿಗೆ ಕಥೆ ಅರ್ಧಕ್ಕೆ ನಿಂತೋಯ್ತು, ಅದು ನಿಮ್ಮ ಕೈಲಿ ಇರ್ಲಿಲ್ಲ. ಅರವತ್ನಾಲ್ಕಕ್ಕೆ ಅರ್ಧಕ್ಕೆ ನಿಂತ್ರೆ ಅದು ನಿಮ್ಮ ಕೈಲಿರೋದು. ಒಬ್ಬರಿಗಾದದ್ದು ಸಾಲ್ದೇನ್ರಿ?"

ಉತ್ತರಕ್ಕೆ ಕಾಯದೆ ಫೋನ್ ಇಟ್ಟರು. ಅವರಿಗೆ ಇನ್ನೂ ಹತ್ತಾರು ಜನರನ್ನು ಎಣಿಸುವುದಿತ್ತು.

ಆ ಸಂಜೆ ನಾಲ್ಕಕ್ಕೆ ನಾನೇ ತಳಕಿಗೆ ಫೋನ್ ಮಾಡಿದೆ. ರಾಟೆಯ ಕಡೆಗೆ ಬೆನ್ನು ಹಾಕಿ ಕುಳಿತು, ಎಳೆಯನ್ನು ಅಲ್ಲಿಯೇ ಬಿಟ್ಟು, ಹಾಳೆ ತಿರುವಿದೆ. ನೂರಾ ನಲವತ್ಮೂರು. ಮೊದಲ ಪ್ಯಾರಾವನ್ನು ಎರಡು ಬಾರಿ ನಡುವೆ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದೆ. ದಿನಾ ತಪ್ಪು ಹುಡುಕುವ ಆ ಹೆಂಗಸು ಅಂದು ಒಂದು ಕಡೆಯೂ ತಡೆಯಲಿಲ್ಲ. ಹತ್ತು ಪುಟ ಮುಗಿದ ಮೇಲೆ, "ಇವತ್ತು ಚೆನ್ನಾಗಿ ಓದಿದ್ರಿ ಅಣ್ಣಾ" ಎಂದಷ್ಟೇ ಹೇಳಿದರು. ಲಾಕ್‌ಡೌನ್ ಸಡಿಲವಾಗುವ ಮೊದಲೇ ಪುಸ್ತಕ ಮುಗಿಯಿತು.

ಬಾಗಿಲು ತೆರೆದ ದಿನ ಪುಸ್ತಕ ಹಿಡಿದು ಹೋದೆ. ಅವರು ಮೇಜಿನ ಮೇಲೆ ಒಂದು ಕಾಗದವನ್ನಿಟ್ಟುಕೊಂಡಿದ್ದರು. ಅನುಮತಿಯಿಲ್ಲದೆ ರಿಜಿಸ್ಟರನ್ನು ಮನೆಗೆ ಒಯ್ದದ್ದು ತಮ್ಮ ತಪ್ಪೆಂದು ಮೇಲಧಿಕಾರಿಗೆ ತಾವಾಗಿಯೇ ಬರೆದ ಐದು ಸಾಲು.

"ಯಾರೂ ಕೇಳಿಲ್ಲವಲ್ಲ ಸಾರ್?" ಎಂದೆ.

"ಕೇಳಿದ್ ಮ್ಯಾಲೆ ಹೇಳಿದ್ರೆ ಅದು ಜವಾಬು ಆಗ್ತೈತೆ ಕಣ್ರಿ, ನಿಜ ಆಗಲ್ಲ."

ಆಮೇಲೆ ನನ್ನ ಪುಸ್ತಕವನ್ನು ತೆಗೆದುಕೊಂಡು, ಎಂದಿನಂತೆ ಹಾಳೆಗಳನ್ನು ಸರಸರನೆ ಬಿಡಿಸಿದರು. ಜನ ಗುರುತಿಗಿಟ್ಟ ಬಸ್ ಟಿಕೇಟು, ಹೂವಿನ ಎಸಳು, ಬೆಂಕಿಕಡ್ಡಿ ಎಲ್ಲವನ್ನೂ ಹೆಕ್ಕಿ ಬುಟ್ಟಿಗೆಸೆಯುವುದು ಅವರ ಪದ್ಧತಿ. ಹಸಿರು ಎಳೆ ಕಂಡಿತು. ಅದನ್ನು ಬೆರಳಿನಿಂದ ನೇರ ಮಾಡಿ, ಅದೇ ಪುಟದಲ್ಲಿ ಬಿಟ್ಟು, ಪುಸ್ತಕ ಮುಚ್ಚಿದರು. ರಿಜಿಸ್ಟರಿನಲ್ಲಿ ನನ್ನ ಸಂಖ್ಯೆಯ ಮುಂದೆ ಗೆರೆ ಎಳೆದರು. ತೊಂಬತ್ತಾರು ಪುಸ್ತಕಗಳೂ ಬಂದು ಸೇರಿದವು.

ಮರುವರ್ಷ ಅವರು ನಿವೃತ್ತರಾದರು. ಕಳೆದ ವರ್ಷ ಚಳ್ಳಕೆರೆಯ ಮನೆಯಲ್ಲಿ ಹೃದಯ ನಿಂತು ಹೋದರು. ಗ್ರಂಥಾಲಯದಲ್ಲೇ ಸಂತಾಪ ಸಭೆ ನಡೆಯಿತು. ಭಾಷಣ ಮಾಡಿದವರು ಪತ್ರಿಕೆಯ ಸೈಕಲ್ಲನ್ನು ತಂದು ಮತ್ತೆ ನಿಲ್ಲಿಸಿದರು. ನಾನು ಎದ್ದೆ.

"ಅವ್ರ ಕಾಲು ಯಾರಾದ್ರೂ ನೋಡಿದ್ರೇನ್ರಿ?"

"ಹೋಗ್ಲಿ ಬಿಡ್ರಿ ಅಜ್ಜಾರೆ" ಎಂದರು ಅಧ್ಯಕ್ಷತೆ ವಹಿಸಿದ್ದವರು. "ಒಳ್ಳೇದನ್ನೇ ಹೇಳವ್ರಲ್ಲ."

"ಇಲ್ಲದ ಸೈಕಲ್ ಹತ್ಸಿ, ಮಾಡಿದ ಕೆಲಸ ಮರೆಸಬ್ಯಾಡ್ರಿ. ಆ ಮನುಷ್ಯ ಸುಳ್ಳು ಹೇಳ್ದೋನಲ್ಲ."

ಅವರು ನನ್ನನ್ನು ಕೂರಿಸಿ, ಒಂದು ನಿಮಿಷ ಮೌನಾಚರಣೆ ಎಂದರು. ಎಲ್ಲರೂ ಎದ್ದು ನಿಂತರು. ಸದ್ದಿಲ್ಲದ ಆ ಹೊತ್ತಿನಲ್ಲಿ ಮೇಜುಗಳ ನಡುವೆ ನಾನು ಆ ಹೆಜ್ಜೆಗಾಗಿ ಕಿವಿಗೊಟ್ಟಿದ್ದೆ. ಆಗ ನನ್ನ ಜೇಬಿನಲ್ಲಿದ್ದ ಫೋನ್ ಹೊಡೆದುಕೊಂಡಿತು. ಗಂಟೆ ನಾಲ್ಕಾಗಿತ್ತು. ಒಂದಾದ ಮೇಲೊಂದರಂತೆ ಅಷ್ಟು ವರ್ಷಗಳಲ್ಲಿ ನಾನು ತಳಕಿಗೆ ಓದಿ ಹೇಳಿದ ಕಾದಂಬರಿಗಳ ಲೆಕ್ಕ ನನಗೇ ತಪ್ಪಿದೆ. ಅಂದು ಓದುವುದು ತಡವಾಗುತ್ತದೆಂದು ಆಕೆಗೆ ಹೇಳಲು ಮರೆತಿದ್ದೆ.

"ಅಣ್ಣಾ, ಇದ್ದೀರಾ?"

ಮಾತನಾಡಬಾರದ ಆ ಕೋಣೆಯಲ್ಲಿ, ಎಲ್ಲರಿಗೂ ಕೇಳುವಂತೆ, "ಇದ್ದೀನಿ" ಎಂದೆ.

ಯಾರೂ ಗದರಲಿಲ್ಲ. ಗದರಬೇಕಾದವರು ಇರಲಿಲ್ಲ. ಕಿಟಕಿಯ ಪಕ್ಕದ ನನ್ನ ಬೆಂಚಿಗೆ ಹೋಗಿ, ಚೀಲದಿಂದ ಪುಸ್ತಕ ತೆಗೆದು, ಆ ದಿನದ ಹತ್ತು ಪುಟಗಳನ್ನು ಓದಲು ಆರಂಭಿಸಿದೆ.