ಸಿಂಬಿ ಇದ್ದ ಚಿಲುಮೆ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಮೆರಿಕದ ಉತ್ತರ ಕೆರೊಲಿನಾದ ರಾಲಿ ನಗರದ ಒಂದು ಚಿಕ್ಕ ಕಂಪನಿಯಲ್ಲಿ ನೀರು ಹುಡುಕುವ ಕೆಲಸಕ್ಕಿದ್ದೆ. ಹುಡುಕುವುದೆಂದರೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಸೈಟು ಸುತ್ತುವುದಲ್ಲ. ರಸ್ತೆಯನ್ನೋ ಕಟ್ಟಡವನ್ನೋ ಮಾಡಲು ನೆಲ ಅಗೆಯುವ ಮುಂಚೆ ಅದರಡಿ ನೀರು ಎಲ್ಲಿದೆ, ಎತ್ತ ಹರಿಯುತ್ತಿದೆ ಎಂದು ಅಳೆದು ಬರೆದುಕೊಡುವುದು. ಮೈಸೂರಿನಲ್ಲಿ ಭೂವಿಜ್ಞಾನ ಓದಿದ್ದೆ. ಮದುವೆಯಾಗಿ ಗಂಡನ ವೀಸಾದ ಮೇಲೆ ಬಂದವಳು ನಾಲ್ಕು ವರ್ಷ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದು, ಗ್ರೀನ್ ಕಾರ್ಡ್ ಬಂದ ಕೂಡಲೇ ಕೆಲಸ ಹಿಡಿದೆ. ನಮ್ಮ ಕನ್ನಡದವರ ಬಳಗದಲ್ಲಿ ಹೆಚ್ಚಿನವರು ಕಂಪ್ಯೂಟರ್ ಮುಂದೆ ಕೂರುವವರು. ಮೊಣಕಾಲುದ್ದದ ಬೂಟು ಹಾಕಿ ಕೆಸರಿಗೆ ಇಳಿಯುವವಳು ನಾನೊಬ್ಬಳೇ. ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್‌ಗಳಲ್ಲಿ ಒಬ್ಬರು ಆಂಟಿ, "ನೀನೂ ಒಂದು ಕೋರ್ಸ್ ಮಾಡ್ಕೊಂಡು ಐಟಿಗೆ ಬಂದ್ಬಿಡಮ್ಮ" ಎಂದು ಪ್ರತಿಸಲ ಹೇಳುತ್ತಿದ್ದರು. ನನಗೆ ನನ್ನ ಕೆಲಸ ಚೆನ್ನಾಗಿ ಬರುತ್ತಿತ್ತು. ಅದು ನನಗೇ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ದಕ್ಷಿಣ ಕೆರೊಲಿನಾದ ಕರಾವಳಿಗೆ ಹತ್ತಿರದ ತಗ್ಗು ಸೀಮೆಯಲ್ಲಿ ಎರಡು ಲೇನಿನ ರಸ್ತೆಯೊಂದನ್ನು ನಾಲ್ಕು ಲೇನ್ ಮಾಡುವ ಯೋಜನೆ ನಮ್ಮ ಕಂಪನಿಗೆ ಬಂತು. ದಾರಿಯುದ್ದಕ್ಕೂ ಸಿಗುವ ಬಾವಿ, ಬೋರು, ಒರತೆಗಳನ್ನೆಲ್ಲ ಪಟ್ಟಿ ಮಾಡುವುದು ನನ್ನ ಪಾಲಿಗೆ ಬಂತು. ಜೊತೆಗೆ ಬಂದವನು ನನ್ನ ಬಾಸ್. ಅರವತ್ತರ ಹತ್ತಿರದವನು, ಬಿಳಿಯ, ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು. ಒಳ್ಳೆಯವನೇ, ಆದರೆ ಆತುರಗಾರ.

ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಮರದ ಮನೆ ಇತ್ತು. ಅದರ ಮುಂದೆ, ರಸ್ತೆಯ ಪಕ್ಕದಲ್ಲೇ, ಸೈಪ್ರೆಸ್ ಮರಗಳ ನಡುವೆ ಎರಡು ಮಂಚದಷ್ಟು ಅಗಲದ ಕೊಳ. ತಳದ ಬಿಳಿ ಮರಳು ಅನ್ನದ ಗಂಜಿಯ ಹಾಗೆ ಕುದಿಯುತ್ತಿತ್ತು. ಸುಣ್ಣದ ಕಲ್ಲಿನ ಸಂದಿಯಿಂದ ನೀರು ತಾನೇ ಮೇಲೆದ್ದು ಬರುತ್ತಿತ್ತು. ಅಷ್ಟು ತಿಳಿಯಾದ ಚಿಲುಮೆಯನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಬಾಸ್ ಕಾರಿನಿಂದ ಇಳಿಯದೆ, "ಬೇಗ ಒಂದು ಬಾಟಲ್ ತುಂಬಿಕೊಂಡು ಬಾ" ಎಂದ. ನಾನು ಬಾಟಲಿಗೆ ದಾರ ಕಟ್ಟಿ ಇಳಿಬಿಟ್ಟೆ. ಗಂಟು ಬಿಚ್ಚಿಕೊಂಡು ಬಾಟಲಿ ಮುಳುಗಿಯೇ ಹೋಯಿತು.

"ಕೇಳದೆ ತಗೊಳ್ಳೋಕೆ ಹೋದ್ರೆ ಹಂಗೇ ಆಗೋದು" ಎಂದು ಹಿಂದಿನಿಂದ ಒಂದು ದನಿ ಬಂತು.

ತಿರುಗಿ ನೋಡಿದರೆ ಆ ಮನೆಯ ಯಜಮಾನಿ. ಎಪ್ಪತ್ತು ದಾಟಿದ ಕಪ್ಪು ಹೆಂಗಸು, ಎತ್ತರದ ಆಳು, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿದ್ದವರು ಎಂದು ಆಮೇಲೆ ಗೊತ್ತಾಯಿತು. ಅವರ ಇಂಗ್ಲಿಷು ಆ ಕರಾವಳಿಯ ಹಾಡಿನಂಥ ಇಂಗ್ಲಿಷು. ಅದನ್ನು ನನ್ನ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಯಾರನ್ನ ಕೇಳ್ಬೇಕಿತ್ತು, ಮ್ಯಾಮ್? ನಿಮ್ಮನ್ನಾ?" ಎಂದೆ. ಆ ಕಡೆ ಹಿರಿಯ ಹೆಂಗಸರನ್ನು ಮ್ಯಾಮ್ ಅನ್ನದೆ ಮಾತನಾಡಿಸುವುದು ಒರಟುತನ.

"ನನ್ನನ್ನೇನು ಕೇಳ್ತೀಯ, ಮಗಳೇ? ನೀರೇನು ನಂದಾ? ಸಿಂಬೀನ ಕೇಳು."

ನನ್ನ ಕಿವಿ ನೆಟ್ಟಗಾಯಿತು. ಸಿಂಬಿ ಎಂದರೆ ನಮ್ಮಲ್ಲಿ ಕೊಡ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸುರುಳಿ. ನಮ್ಮ ಬೀದಿಯ ಹೆಂಗಸರು ಹಳೇ ಸೀರೆಯ ತುಂಡಿನಲ್ಲಿ ಅದನ್ನು ಸುತ್ತುತ್ತಿದ್ದರು. ನಾನು ಕೈಯಲ್ಲಿದ್ದ ಟವೆಲನ್ನು ತಿರುಚಿ, ಬಳೆಯ ಹಾಗೆ ಸುತ್ತಿ, ತಲೆಯ ಮೇಲಿಟ್ಟು ತೋರಿಸಿದೆ. "ನಮ್ಮ ಭಾಷೇಲಿ ಸಿಂಬಿ ಅಂದ್ರೆ ಇದು, ಮ್ಯಾಮ್."

ಅವರು ಕ್ಷಣ ನೋಡಿದವರೇ ಮನೆಯೊಳಗೆ ಹೋದರು. ಬರುವಾಗ ಕೈಯಲ್ಲಿ ಮಾಸಿದ ನೂಲಿನ ಒಂದು ಸುರುಳಿ ಇತ್ತು, ನಾನು ಸುತ್ತಿದ್ದರ ತದ್ರೂಪು. "ನನ್ನ ಅಜ್ಜೀದು. ಇದನ್ನಿಟ್ಕೊಂಡು ಇದೇ ನೀರನ್ನ ಹೊತ್ತಿದ್ಲು. ಇದಕ್ಕೆ ನಾವು ಸಿಂಬಿ ಅನ್ನೋದಿಲ್ಲ. ಸಿಂಬಿ ಅಂದ್ರೆ ಈ ನೀರು ಕಾಯೋಳು, ಒಳಗಿದ್ದಾಳೆ" ಎಂದು ಕೊಳದತ್ತ ಗಲ್ಲ ಎತ್ತಿ ತೋರಿಸಿದರು.

ಎರಡು ಪದಗಳಿಗೂ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಕಿವಿಗೆ ಒಂದೇ ಆಗಿ ಕೇಳಿತು, ಅಷ್ಟೆ. ಆದರೆ ಅವತ್ತು ಅದರಿಂದ ನಮ್ಮಿಬ್ಬರ ನಡುವೆ ಮಾತು ಬೆಳೆಯಿತು. ನನಗೆ ಇನ್ನೊಂದು ಬಾಟಲಿ ತುಂಬಬೇಕಿತ್ತು. "ಹೇಗೆ ಕೇಳ್ಬೇಕು?" ಎಂದೆ. "ನಿಮ್ಮಮ್ಮ ಹೇಗೆ ಕೇಳ್ತಾರೋ ಹಾಗೆ" ಎಂದರು. ನಾನು ಬಗ್ಗಿ, ಕನ್ನಡದಲ್ಲೇ, "ತಾಯಿ ಗಂಗಮ್ಮ, ಒಂದು ಬಾಟಲ್ ನೀರು ತಗೋತೀನಿ" ಎಂದೆ. ಈ ಸಲ ದಾರಕ್ಕೆ ಎರಡು ಗಂಟು ಹಾಕಿದ್ದೆ ಎಂಬುದನ್ನೂ ಹೇಳಬೇಕು.

ಮುಂದಿನ ವಾರಗಳಲ್ಲಿ ಚಿಲುಮೆಯ ಹರಿವು ಅಳೆಯಲು ಮತ್ತೆ ಮತ್ತೆ ಹೋದೆ. ಕೊಳದಿಂದ ಹೊರಬೀಳುವ ಕಾಲುವೆಗೆ ಬಕೆಟ್ ಹಿಡಿದು, ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಗಡಿಯಾರ ನೋಡುವ ಸರಳ ಕೆಲಸ. ಶಾಲೆಗೆ ರಜೆ ಇದ್ದುದರಿಂದ ಏಳು ವರ್ಷದ ಮಗಳನ್ನೂ ಕೆಲವು ಸಲ ಕರೆದುಕೊಂಡು ಹೋದೆ. ಅಳತೆ ಮುಗಿದ ಮೇಲೆ ವರಾಂಡದಲ್ಲಿ ಕೂತರೆ ಆ ಹಿರಿಯ ಹೆಂಗಸು ಬಟಾಣಿ ಸುಲಿಯುತ್ತ ಕತೆ ಹೇಳುವರು.

"ಒಂದೊಂದು ಚಿಲುಮೆಗೆ ಒಂದೊಂದು ಸಿಂಬಿ. ಎಲ್ಲ ಒಂದೇ ಥರ ಇರೋದಿಲ್ಲ. ಆ ಕಡೆ ಊರಿನ ಚಿಲುಮೇದಕ್ಕೆ ಬಾತುಕೋಳಿ ಥರ ಪಾದ. ನಮ್ಮದನ್ನ ನನ್ನ ಅಜ್ಜಿಯ ಅಜ್ಜಿ ಕಂಡಿದ್ಲಂತೆ. ನೀರಿಗೆ ಅಡ್ಡ ಹಾಕಿದ್ದ ಹಲಗೆ ಮೇಲೆ ಕೂತಿತ್ತಂತೆ. ಮೈ ಕಾಣ್ದೇ ಇರೋ ಹಾಗೆ ಕೂದಲು. ಆ ಅಜ್ಜಿ ಕೊಡ ಕೆಳಗಿಟ್ಟಳೋ ಇಲ್ವೋ, ಸದ್ದೇ ಇಲ್ಲದೆ ಒಳಗೆ ಜಾರಿಕೊಂಡ್ತು."

"ಅಮ್ಮಾ, ಅವಳು ಕೆಟ್ಟವಳಾ?" ಎಂದು ಮಗಳು ಇಂಗ್ಲಿಷಿನಲ್ಲಿ ನನ್ನ ಕಿವಿಯಲ್ಲಿ ಕೇಳಿದಳು.

ಅವರಿಗೆ ಕೇಳಿಸಿಬಿಟ್ಟಿತು. "ಇಲ್ಲ ಪುಟ್ಟಿ, ಕೆಟ್ಟವಳಲ್ಲ. ಮರ್ಯಾದೆ ಬೇಕು ಅಷ್ಟೆ, ನಿನಗೂ ನನಗೂ ಬೇಕಲ್ಲ, ಹಾಗೆ."

ಅವರ ಹಿರಿಯರು ಆಫ್ರಿಕಾದ ಕಾಂಗೋ ನದಿಯ ಕಡೆಯಿಂದ ಹಡಗಿನಲ್ಲಿ ಗುಲಾಮರಾಗಿ ಬಂದವರು, ಇಲ್ಲಿನ ಭತ್ತದ ಗದ್ದೆಗಳಲ್ಲಿ ಜೀವ ತೇದವರು. "ಅವರ ಕೈಲಿ ಏನೂ ಇರ್ಲಿಲ್ಲ. ಹೆಸರನ್ನೂ ಕಿತ್ಕೊಂಡಿದ್ರು. ಈ ನೀರು ನೆಲದಿಂದ ಕುದ್ಕೊಂಡು ಬರೋದನ್ನ ನೋಡಿ, ಓ, ಇವಳು ಇಲ್ಲೂ ಇದ್ದಾಳೆ ಅಂದ್ರಂತೆ. ಆಮೇಲೆ ಅವರಿಗೆ ಸ್ವಲ್ಪ ಧೈರ್ಯ ಬಂತಂತೆ." ಇನ್ನೊಂದು ಕತೆಯನ್ನೂ ಹೇಳಿದರು. ಅವರ ಹಿರಿಯರನ್ನು ದುಡಿಸುತ್ತಿದ್ದ ಯಜಮಾನನೊಬ್ಬ ಚಿಲುಮೆಯ ಸುತ್ತ ಗೋಡೆ ಕಟ್ಟಿಸಲು ಹೊರಟನಂತೆ. ಒಬ್ಬ ಮುದುಕ ಅಡ್ಡ ನಿಂತು, ಗೋಡೆ ಕಟ್ಟಿದರೆ ಸಿಂಬಿ ಮುನಿದು ಹೊರಟುಹೋಗುತ್ತಾಳೆ, ಅವಳ ಹಿಂದೆಯೇ ನೀರೂ ಹೋಗುತ್ತದೆ ಎಂದನಂತೆ.

ರಾಲಿಗೆ ಬಂದು ಲೈಬ್ರರಿಯಲ್ಲಿ ಹುಡುಕಿದೆ. ಕಾಂಗೋ ಸೀಮೆಯ ಜನ ಚಿಲುಮೆಗಳಲ್ಲಿ, ಬಂಡೆಗಳಲ್ಲಿ ಇಂಥ ಶಕ್ತಿಗಳನ್ನು ಕಾಣುತ್ತಾರೆಂದು ಓದಿದಾಗ ಖುಷಿಯಾಯಿತು. ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಸಿಗುತ್ತಿದ್ದ ನೈಜೀರಿಯಾದ ಹೆಂಗಸಿಗೆ ಇದನ್ನು ಹೇಳಿದೆ. ಆಕೆ ಡ್ರೈಯರ್ ಬಾಗಿಲು ಹಾಕಿ, "ನಮ್ಮಲ್ಲಿ ನೀರಿನ ದೇವತೆ ಮಾಮಿ ವಾಟಾ ಇದ್ದಾಳಲ್ಲ! ಸೊಂಟದ ಕೆಳಗೆ ಮೀನು, ಕೈಯಲ್ಲಿ ಕನ್ನಡಿ, ಬಾಚಣಿಗೆ. ನದಿ ದಂಡೇಲಿ ಬಾಚಣಿಗೆ ಸಿಕ್ಕಿದ್ರೆ ಮುಟ್ಟಬೇಡ ಅಂತ ನಮ್ಮ ಚಿಕ್ಕಮ್ಮ ಹೆದರಿಸ್ತಿದ್ರು" ಎಂದು ನಕ್ಕಳು. ಆಕೆ ಫಾರ್ಮಸಿ ಓದುತ್ತಿದ್ದವಳು. "ನೀವು ಮುಟ್ತೀರಾ?" ಎಂದೆ. "ಖಂಡಿತ ಮುಟ್ಟಲ್ಲ" ಎಂದಳು.

ಆ ವರ್ಷ ಮಳೆ ಕೈಕೊಟ್ಟಿತು. ಸುತ್ತಲ ಹಳ್ಳಗಳು ಒಣಗಿ ಬಿರುಕು ಬಿಟ್ಟವು. ಆದರೆ ಚಿಲುಮೆಯ ಬಕೆಟ್ ಮೊದಲ ದಿನ ಎಷ್ಟು ಹೊತ್ತಿಗೆ ತುಂಬಿತ್ತೋ ಕೊನೆಯ ದಿನವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ತುಂಬಿತು. ನೀರು ಎಲ್ಲೋ ದೂರದಿಂದ, ಆಳದಿಂದ ಬರುತ್ತಿದೆ ಎಂಬುದು ನನಗೆ ಸ್ಪಷ್ಟವಾಯಿತು. ಆಗಲೇ ರಸ್ತೆಯ ನಕ್ಷೆ ನನ್ನ ಟೇಬಲ್ಲಿಗೆ ಬಂತು. ಚಿಲುಮೆ ಇರುವ ಜಾಗಕ್ಕೆ ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಹಾಸಿ, ಅದರ ಮೇಲೆ ಎರಡು ಹೊಸ ಲೇನ್. ನಮ್ಮ ವರದಿಯ ಕರಡಿನಲ್ಲಿ ಬಾಸ್ ಆ ಜಾಗವನ್ನು "ತೇವದ ನೆಲ" ಎಂದಷ್ಟೇ ಬರೆದಿದ್ದ.

ನಾನು ಅವನ ಕೋಣೆಗೆ ಹೋದೆ. "ಇದು ತೇವದ ನೆಲ ಅಲ್ಲ, ಚಿಲುಮೆ. ಅಷ್ಟು ಒಣ ಬೇಸಿಗೇಲೂ ಒಂದಿಷ್ಟೂ ಕಮ್ಮಿ ಆಗಿಲ್ಲ. ಬಾಯಿ ಮುಚ್ಚಿದ್ರೆ ನೀರು ಸುಮ್ಮನಿರೋದಿಲ್ಲ" ಎಂದೆ.

"ಆ ಅಜ್ಜಿ ಕತೆ ಕೇಳಿ ಕೇಳಿ ನಿನಗೂ ಭೂತ ಹಿಡೀತಾ?" ಎಂದ.

"ನನ್ನ ಅಳತೆ ತಪ್ಪಿದ್ರೆ ತೋರಿಸಿ. ತಪ್ಪಿಲ್ಲದಿದ್ರೆ ನನ್ನ ಸಹಿ ಇರೋ ಪುಟದಲ್ಲಿ ಚಿಲುಮೆ ಅಂತಲೇ ಇರುತ್ತೆ."

ಅವನು ಅಳತೆಯ ಹಾಳೆಗಳನ್ನು ಕೇಳಿದ. ಒಂದೊಂದನ್ನೂ ಬೆರಳಿಟ್ಟು ಓದಿದ. ಕೊನೆಗೆ, "ಸಭೇಲಿ ನೀನೇ ಎದ್ದು ಮಾತಾಡ್ಬೇಕಾಗುತ್ತೆ" ಎಂದ. ಆಗಲಿ ಎಂದೆ.

ಸಭೆ ಅಲ್ಲಿಯ ಚರ್ಚೊಂದರ ಹಾಲಿನಲ್ಲಿ, ಶನಿವಾರ ಮಧ್ಯಾಹ್ನ. ರಸ್ತೆ ಮಾಡಿಸುವ ಇಂಜಿನಿಯರುಗಳು ಒಂದು ಕಡೆ, ಊರಿನವರು ಮಡಚುವ ಕುರ್ಚಿಗಳಲ್ಲಿ ಇನ್ನೊಂದು ಕಡೆ. ಚಿಲುಮೆ ಮನೆಯ ಯಜಮಾನಿ ಹ್ಯಾಟು ಹಾಕಿ ಮೈಕಿನ ಮುಂದೆ ಬಂದರು. "ಚಿಲುಮೆ ಮುಚ್ಚಿದ್ರೆ ಸಿಂಬಿ ಎದ್ದು ಹೋಗ್ತಾಳೆ. ಹೋಗೋವಾಗ ನಿಮ್ಮ ರಸ್ತೇನೂ ಜೊತೇಲಿ ತಗೊಂಡು ಹೋಗ್ತಾಳೆ" ಎಂದಷ್ಟೇ ಹೇಳಿದರು. ಇಂಜಿನಿಯರುಗಳ ಸಾಲಿನಲ್ಲಿ ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಅವರು ಅದನ್ನು ನೋಡಿದರು.

ನನ್ನ ಸರದಿ ಬಂದಾಗ ಸಲ್ವಾರ್ ಕಮೀಜ್ ತೊಟ್ಟ ನಾನು ಎದ್ದು ನಿಂತೆ. "ಮ್ಯಾಮ್ ಈಗ ಹೇಳಿದ್ದು ಸರಿ" ಎಂದೇ ಶುರುಮಾಡಿದೆ. "ಇಲ್ಲಿ ಕೆಳಗಿರೋದು ಸುಣ್ಣದ ಕಲ್ಲು. ನೀರು ಅದನ್ನ ಕರಗಿಸಿ ದಾರಿ ಮಾಡ್ಕೊಂಡಿದೆ. ಈ ಬಾಯಿ ಕಟ್ಟಿದ್ರೆ ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತೆ. ಹೋಗೋವಾಗ ಮರಳನ್ನ ಎಳ್ಕೊಂಡು ಹೋಗುತ್ತೆ. ರಸ್ತೆ ಕೆಳಗೆ ಪೊಳ್ಳಾಗುತ್ತೆ. ಒಂದು ದಿನ ಲಾರಿ ಸಮೇತ ಕುಸಿಯುತ್ತೆ. ಇದನ್ನ ತಿಳ್ಕೊಳ್ಳೋಕೆ ನನಗೆ ಒಂದು ಬೇಸಿಗೆ ಬೇಕಾಯ್ತು. ಈ ಊರಿನವರಿಗೆ ತಲೆತಲಾಂತರದಿಂದ ಗೊತ್ತಿದೆ." ಆಮೇಲೆ ಅಳತೆಗಳನ್ನು ಒಂದೊಂದಾಗಿ ಓದಿದೆ. ನಕ್ಕವನು ಪೆನ್ನು ತೆಗೆದು ಬರೆದುಕೊಳ್ಳತೊಡಗಿದ.

ನಾಲ್ಕು ತಿಂಗಳ ನಂತರ ಹೊಸ ನಕ್ಷೆ ಬಂತು. ಹೊಸ ಲೇನುಗಳು ರಸ್ತೆಯ ಆಚೆ ಬದಿಗೆ ಸರಿದಿದ್ದವು. ಚಿಲುಮೆಯ ಜಾಗದಲ್ಲಿ ಒಂದು ಪುಟ್ಟ ನೀಲಿ ಗುರುತು. ಫೋನ್ ಮಾಡಿ ಹೇಳಿದಾಗ ಆ ಹಿರಿಯರು ಹಿಗ್ಗಲಿಲ್ಲ. "ಸರಿ, ಬುದ್ಧಿ ಬಂತಲ್ಲ" ಎಂದು, ಮಗಳ ಹಲ್ಲು ಬಿತ್ತೇ ಎಂದು ವಿಚಾರಿಸಿದರು.

ಮರುವರ್ಷ ನನಗೆ ಎರಡನೆಯ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಬಂದರು. ಮೂರನೆಯ ತಿಂಗಳಲ್ಲಿ, ಬಾಣಂತಿ ಬಾವಿಗೆ ಅರಿಶಿನ ಕುಂಕುಮ ಹಚ್ಚಿ ನೀರು ತರುವ ಗಂಗೆ ಪೂಜೆಯ ಮಾತೆತ್ತಿದರು. ಸುತ್ತಮುತ್ತ ಬಾವಿ ಎಲ್ಲಿ?

"ಕಿಚನ್ ನಲ್ಲಿಗೇ ಮಾಡಿಬಿಡೋಣ ಕಣೆ. ಎಲ್ಲರೂ ಹಾಗೇ ಮಾಡ್ತಾರಂತೆ" ಎಂದರು, ಮನಸ್ಸಿಲ್ಲದ ಮನಸ್ಸಿನಿಂದ.

"ನನಗೊಂದು ಒಳ್ಳೇ ಜಾಗ ಗೊತ್ತು. ನಾಲ್ಕು ಗಂಟೆ ದಾರಿ" ಎಂದೆ.

ನನ್ನ ಗಂಡ ತಲೆ ಮೇಲೆ ಕೈ ಇಟ್ಟುಕೊಂಡರು. "ಒಂದು ಪೂಜೆಗೆ ಸೌತ್ ಕೆರೊಲಿನಾವರೆಗೂ ಡ್ರೈವ್ ಮಾಡ್ಬೇಕಾ?" ಆದರೂ ಭಾನುವಾರ ಬೆಳಿಗ್ಗೆ ಅವರೇ ಕಾರು ತೆಗೆದರು.

ಮೊದಲೇ ಹೇಳಿದ್ದರಿಂದ ಆ ಹಿರಿಯರು ಕೊಳದ ದಂಡೆ ಗುಡಿಸಿಟ್ಟಿದ್ದರು. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಆ ಇಂಗ್ಲಿಷು ತಿಳಿಯದು. ಅಮ್ಮ ಕಲ್ಲಿಗೆ ಅರಿಶಿನ ಹಚ್ಚುವಾಗ ಅವರು ತಾವಾಗಿಯೇ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಬಗ್ಗಿ ನಿಂತರು. ಅಮ್ಮ ಅವರ ಕೈ ಹಿಡಿದು ಕುಂಕುಮದ ಬಟ್ಟಲಿಗೆ ಅದ್ದಿಸಿ, ಕಲ್ಲಿಗೆ ಹಚ್ಚಿಸಿದರು. ನಾನು ಮೊಣಕಾಲವರೆಗೆ ನೀರಿಗಿಳಿದು ಹಿತ್ತಾಳೆ ಚೊಂಬು ತುಂಬಿಸಿಕೊಂಡೆ. ನೀರು ತಣ್ಣಗಿತ್ತು, ಪಾದದಡಿಯ ಮರಳು ಕಚಗುಳಿ ಇಡುತ್ತಿತ್ತು. ನಗು ತಡೆಯಲಾಗಲಿಲ್ಲ. ದೊಡ್ಡವಳು ದಂಡೆಯ ಮೇಲಿನಿಂದ, "ಅಮ್ಮಾ, ಕೇಳಿದ್ಯಾ ಅವಳನ್ನ?" ಎಂದು ಕೂಗಿದಳು. ಕೇಳಿದೆ ಎಂದೆ.

ಪೂಜೆ ಮುಗಿದ ಮೇಲೆ ಆ ಹಿರಿಯರು ಎನಾಮಲ್ ಮಗ್ಗಿನಲ್ಲಿ ಚಿಲುಮೆಯ ನೀರು ಮೊಗೆದು ಅಮ್ಮನ ಮುಂದೆ ಹಿಡಿದರು. ನನ್ನ ಅಮ್ಮ ಮಡಿಯವರು. ಬೇರೆಯವರ ಮನೆಯ ಲೋಟ ಮುಟ್ಟಿದವರಲ್ಲ, ವಿಮಾನದಲ್ಲಿ ಕೂಡ ಬಾಳೆಹಣ್ಣು ತಿಂದೇ ಬಂದವರು. ಅಮ್ಮ ಮಗ್ಗನ್ನು ನೋಡಿದರು, ಅದನ್ನು ಹಿಡಿದಿದ್ದವರ ಮುಖ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡು, ಎತ್ತಿ ಹಿಡಿದು, ಪೂರ್ತಿ ಕುಡಿದರು.

ವಾಪಸು ಬರುವಾಗ ಮಗು ತನ್ನ ಕಾರ್ ಸೀಟಿನಲ್ಲಿ ನಿದ್ದೆ ಹೋಗಿತ್ತು. ಅಮ್ಮ, "ಗಡಸು ನೀರು ಕಣೆ. ಬೇಳೆ ಬೇಯೋದಿಲ್ಲ ಅದರಲ್ಲಿ. ಆದ್ರೆ ಕುಡಿಯೋಕೆ ಚೆನ್ನಾಗಿದೆ" ಎಂದರು. ನಾನು ಬೇಸಿಗೆಯುದ್ದಕ್ಕೂ ಬಾಟಲಿಗಳಲ್ಲಿ ತುಂಬಿ ಪರೀಕ್ಷೆ ಮಾಡಿಸಿದ್ದರ ಫಲಿತಾಂಶವೂ ಅದೇ ಆಗಿತ್ತು.