ಬ್ಯಾಗಿನಲ್ಲಿ ಸಮುದ್ರದ ತಳ: ಶ್ರೀನಗರದಿಂದ ಕೋಣನಕುಂಟೆಗೆ

ಶ್ರೀನಗರದ ಸ್ಟಾಪಿನಲ್ಲಿ ಬನಶಂಕರಿ ಬಸ್ ಹತ್ತಿದಾಗ ಹನಿ ಬೀಳುತ್ತಿತ್ತು. ಕಂಡಕ್ಟರ್ ಕೊಟ್ಟ ಹೆಂಗಸರ ಉಚಿತ ಟಿಕೆಟನ್ನು ಜೇಬಿಗೆ ಹಾಕಿಕೊಂಡು ಬ್ಯಾಗನ್ನು ಎದೆಗೊತ್ತಿ ಹಿಡಿದೆ. ಒಳಗಿದ್ದದ್ದು ಅಕ್ಕನ ಹಾರ್ಡ್ ಡಿಸ್ಕ್. ವಿದ್ಯಕ್ಕ ಕೋಣನಕುಂಟೆಯ ಒಂದು ಕಚೇರಿಯಲ್ಲಿ ಕೂತು ಸಮುದ್ರತಳದ ನಕ್ಷೆ ಮಾಡುತ್ತಾಳೆ. ದೋಣಿಯಿಂದ ಕೆಳಕ್ಕೆ ಕಳಿಸಿದ ಶಬ್ದ ತಳಕ್ಕೆ ಬಡಿದು ಮರಳಲು ಹಿಡಿದ ಹೊತ್ತಿನಿಂದ ಆಳ ತಿಳಿಯುತ್ತದೆ. ಎಲ್ಲಿ ಮೀನು ನೆಲೆಸುವ ಬಂಡೆ ದಿಬ್ಬ, ಎಲ್ಲಿ ಕೊರಕಲು, ಎಲ್ಲಿ ಬರೀ ಕೆಸರು ಎಂದು ನೋಡಿ, ಯಾವ ಜಾಗವನ್ನು ಮೀನುಗಳಿಗೆ ಬಿಡಬೇಕು, ಬಂದರಿನಲ್ಲಿ ತೋಡಿದ ಹೂಳನ್ನು ಎಲ್ಲಿ ಸುರಿಯಬೇಕು ಎಂದು ತೀರ್ಮಾನಿಸುತ್ತಾರೆ. ಅಕ್ಕನ ಈ ನಕ್ಷೆ ಅಂದು ಸಂಜೆಯೊಳಗೆ ಹೋಗಬೇಕಿತ್ತು.

ಈ ಪ್ರಯಾಣಕ್ಕೆ ಕಾರಣ ಹಿಂದಿನ ದಿನ ಊಟದಲ್ಲಿ ನಡೆದ ವಾದ. ಪ್ರತಿ ಅಳತೆಯೂ ಪರದೆಯ ಮೇಲೆ ಒಂದು ಚುಕ್ಕೆ; ಸುತ್ತಲಿನ ಚುಕ್ಕೆಗಳಿಗಿಂತ ಚೂಪಾಗಿ ಎದ್ದು ನಿಂತವನ್ನು ಗದ್ದಲ, ಅಂದರೆ ತಪ್ಪು ಅಳತೆ, ಎಂದು ಅಳಿಸಿ, ಖಾಲಿಯಾದ ಜಾಗವನ್ನು ಅಕ್ಕಪಕ್ಕದ ಆಳದಿಂದ ತುಂಬುತ್ತೇವೆ, ಅದಕ್ಕೆ ಕ್ಲೀನಿಂಗ್ ಅಂತಾರೆ ಎಂದು ಅಕ್ಕ ಹೇಳುತ್ತಿದ್ದಳು.

"ಗದ್ದಲ ಅಂತ ಹೆಂಗೆ ಗೊತ್ತು?" ಎಂದೆ.

"ಅಕ್ಕಪಕ್ಕದ್ದಕ್ಕೆ ಹೊಂದಲ್ಲ ಕಣೇ."

"ಹಂಗಾದ್ರೆ ನಮ್ಮನೇಲಿ ಮೊದಲು ನನ್ನನ್ನೇ ಅಳಿಸ್ಬೇಕು."

"ಆಸೆ ಏನೋ ಇದೆ," ಎಂದು ನಕ್ಕವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. ಮಾರನೆಯ ಬೆಳಿಗ್ಗೆ ಕಚೇರಿಯಿಂದ ಅವಳ ಫೋನ್ ಬಂತು: "ಕ್ಲೀನ್ ಮಾಡೋಕೆ ಮುಂಚಿನ ಡೇಟಾ ಇರೋ ಡಿಸ್ಕ್ ನನ್ನ ಟೇಬಲ್ ಮೇಲಿದೆ. ತಗೊಂಡ್ ಬಾ, ಈಗ್ಲೇ."

ಬನಶಂಕರಿ ಮೆಟ್ರೊದಲ್ಲಿ ಬ್ಯಾಗ್ ತಪಾಸಣೆ ಮಾಡುವಾತ ಡಿಸ್ಕ್ ನೋಡಿ, "ಇದ್ರಲ್ಲಿ ಏನಿದೆ ಮೇಡಂ?" ಎಂದ.

"ಸಮುದ್ರ."

"ಬ್ಯಾಗ್ ಒದ್ದೆ ಆಗಿಲ್ವಲ್ಲ, ಹೋಗಿ."

ರೈಲು ಜೆ.ಪಿ. ನಗರ ದಾಟಿತು. ಕಿಟಕಿಯಾಚೆ ನೀರಿನ ಟ್ಯಾಂಕುಗಳು, ತಾರಸಿಯ ಮೇಲೆ ನೆನೆಯುತ್ತಿದ್ದ ಬಟ್ಟೆ. ನಕ್ಷೆ ಮಾಡಿದ ಮಾತ್ರಕ್ಕೆ ಮೀನು ಉಳಿಯುತ್ತದೆಯೇ ಎಂಬ ನನ್ನ ಹಳೆಯ ಪ್ರಶ್ನೆ ಹಾಗೇ ಇತ್ತು. ಆದರೆ ತಪ್ಪು ನಕ್ಷೆ ಅದನ್ನು ಹೂಳಬಲ್ಲದು.

ಕೋಣನಕುಂಟೆ ಕ್ರಾಸಿನಲ್ಲಿ ಇಳಿದು ನಡೆದು ಹೋದೆ. ಅಕ್ಕನ ಮ್ಯಾನೇಜರ್ ಪ್ರಕಾಶ್ ಬಾಗಿಲಲ್ಲೇ ಇದ್ದರು. ನನ್ನ ವಾದದ ಚಟ ಅಕ್ಕನಿಂದ ಅವರಿಗೆ ತಿಳಿದಿತ್ತು. "ಬನ್ನಿ ಲಾಯರಮ್ಮ. ಸಂಜೆಗೆ ಫೈಲ್ ಹೋಗ್ಲಿಲ್ಲ ಅಂದ್ರೆ ಬೈಸ್ಕೊಳ್ಳೋನು ನಾನು."

ಅಕ್ಕ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ದೋಣಿ ಎರಡು ಬೇರೆ ದಿನ ಒಂದಕ್ಕೊಂದು ಅಡ್ಡವಾಗಿ ಹಾದುಹೋಗಿ ಅಳೆದ ಎರಡು ಸಾಲುಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಇಟ್ಟಳು. ಪ್ರತಿ ಸಾಲನ್ನೂ ಒಂದೊಂದಾಗಿ ಕ್ಲೀನ್ ಮಾಡುವುದು ಅಲ್ಲಿನ ರೂಢಿ. ಹೀಗೆ ಒಟ್ಟಿಗೆ ಯಾರೂ ನೋಡಿರಲಿಲ್ಲ. ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಚುಕ್ಕೆಗಳು ಎದ್ದು ನಿಂತಿದ್ದವು. ನಕ್ಷೆಯಲ್ಲಿ ಅದು ಸಮತಟ್ಟು ಕೆಸರು. ಹೂಳು ಸುರಿಯಲು ಗುರುತಿಸಿದ್ದ ಚೌಕದ ನಟ್ಟನಡುವೆ.

"ಮೀನಿನ ಹಿಂಡಿರಬಹುದು," ಎಂದರು ಪ್ರಕಾಶ್, ಮೆತ್ತಗೆ.

"ಹಿಂಡು ಅದೇ ಜಾಗದಲ್ಲಿ ಕಾಯ್ಕೊಂಡು ಕೂತಿರುತ್ತಾ ಸಾರ್?" ಎಂದೆ. "ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ರು ಸಾಕ್ಷಿಗಳು ಒಂದೇ ಮಾತು ಹೇಳ್ತಿದ್ದಾರೆ. ಅಕ್ಕಾ, ಬಂಡೆ ಅಂತ ಬರಿ."

"ಬರೆಯಲ್ಲ. ನೋಡದೆ ಕೆಸರು ಅಂದೆ, ಈಗ ನೋಡದೆ ಬಂಡೆ ಅನ್ಲಾ?"

ಆ ಜಾಗಕ್ಕೆ ಅಡ್ಡಗೀಟು ಎಳೆದು, ತನ್ನ ಹೆಸರು ಹಾಕಿ ಬರೆದಳು: 'ಖಚಿತವಿಲ್ಲ. ಎತ್ತರದ ಭೂರೂಪ ಇರುವ ಸಾಧ್ಯತೆ. ಮತ್ತೆ ಅಳೆಯದೆ ಬಳಸಬಾರದು. ಮೊದಲ ಕ್ಲೀನಿಂಗಿನಲ್ಲಿ ನಾನು ಅಳಿಸಿದ್ದೆ.' ಕೊನೆಯ ವಾಕ್ಯ ಬೇಡ ಎಂದರು ಪ್ರಕಾಶ್. ಅಕ್ಕ ತೆಗೆಯಲಿಲ್ಲ. ಪ್ರಕಾಶ್ ಆ ಗೀಟಿನ ವಿಷಯ ಹೇಳಲು ನಕ್ಷೆ ಬೇಕೆಂದವರಿಗೆ ತಾವೇ ಫೋನ್ ಹಚ್ಚಿದರು.

ಸಂಜೆ ಇಬ್ಬರೂ ಒಂದೇ ರೈಲು ಹತ್ತಿದೆವು.

"ಆದ್ರೂ ಅಲ್ಲೇ ಸುರಿದ್ರೆ?" ಎಂದೆ.

"ಬೆಳಿಗ್ಗೆವರೆಗೆ ಆಗಿದ್ರೆ ಗೊತ್ತಿಲ್ದೆ ಸುರೀತಿದ್ರು. ಇನ್ಮೇಲೆ ಗೊತ್ತಿದ್ದೂ ಸುರೀಬೇಕು."

ಕೋಣನಕುಂಟೆಯ ದೀಪಗಳು ಹಿಂದೆ ಸರಿದವು. ಅಕ್ಕ ತಿರುಗಿ ನೋಡಲಿಲ್ಲ. ನನ್ನ ಬ್ಯಾಗಿನಿಂದ ಡಿಸ್ಕ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳು ಕ್ಲೀನ್ ಮಾಡಿದ್ದ ಉಳಿದ ಸಾಲುಗಳೆಲ್ಲ, ಅಳಿಸುವ ಮುಂಚಿನ ಚುಕ್ಕೆಗಳ ಸಮೇತ, ಅದರಲ್ಲಿದ್ದವು; ಇನ್ನು ಅವನ್ನೂ ನೋಡಬೇಕಿತ್ತು.